ಕೋಲು ಎಟುಕದ ದೂರ

ಶಿಷ್ಯನು ಗುರುಗಳನ್ನು ಕೇಳಿದನು: "ಸ್ವಾಮಿ, ಕೋಪದ ಭರದಲ್ಲಿ ನಾನು ತಮ್ಮನ ಮೇಲೆ ಕೈಮಾಡಿದೆನು. ಆಮೇಲೆ ಕ್ಷಮೆ ಬೇಡಿದೆನು, ಕೋಪವನ್ನೂ ಬಿಟ್ಟೆನು. ಆದರೂ ಅವನು ನನ್ನ ಹತ್ತಿರ ಸುಳಿಯುವುದಿಲ್ಲ. ನಾನು ಇನ್ನೆಷ್ಟು ಕಾಲ ಕಾಯಬೇಕು?"

ಹೀಗೆ ಕೇಳಿದವನು ಕುಳಿತಲ್ಲಿ ಕುಳಿತಿರಲಾರದೆ ಹೊದ್ದ ವಸ್ತ್ರದ ಅಂಚನ್ನು ತಿರುಚುತ್ತಿದ್ದನು. ಗುರುಗಳು ಅದನ್ನು ನೋಡಿ ಈ ಕತೆಯನ್ನು ಹೇಳಿದರು.

ಒಬ್ಬ ಕುರುಬನಿದ್ದನು. ಕೊಯ್ಲಾದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವುದು, ಒಂದು ಹೊಲ ಮುಗಿದರೆ ಮತ್ತೊಂದಕ್ಕೆ ಹಿಂಡನ್ನು ನಡೆಸುವುದು, ಇದು ಅವನ ಬಾಳು. ಅವನೊಡನೆ ಮುದಿತಾಯಿಯೂ ಒಂದು ನಾಯಿಯೂ ಅಲೆಯುತ್ತಿದ್ದರು. ಕಪ್ಪು ಬಿಳುಪಿನ ಮಚ್ಚೆಗಳಿದ್ದುದರಿಂದ ನಾಯಿಗೆ ಹಂಡನೆಂದು ಹೆಸರು.

ಹಂಡ ಇನ್ನೂ ಎಳೆಯದು. ಮೊಲದ ವಾಸನೆ ಹತ್ತಿದರೆ ಹಿಂಡನ್ನು ಮರೆತು ಓಡುತ್ತಿತ್ತು. ಕುರುಬನು ಹೆಸರು ಹಿಡಿದು ಕೂಗುತ್ತಿದ್ದನು. ಅದು ಓಡೋಡಿ ಬಂದು ಕಾಲ ಬಳಿ ನಿಂತೊಡನೆ ಕೋಲಿನಿಂದ ಬಾರಿಸುತ್ತಿದ್ದನು. ಬರಬರುತ್ತ ಅದು ಬರುವ ಪರಿ ಬೇರೆಯಾಯಿತು. ಬಾಲ ಮುದುರಿ, ಕಿವಿ ಹಿಂದಕ್ಕೆ ಮಡಚಿ, ಹೊಟ್ಟೆ ನೆಲಕ್ಕೆ ತಾಗಿಸಿ ತೆವಳತೊಡಗಿತು. ಮುಖ ಅತ್ತ ತಿರುಗಿಸಿ ತುಟಿ ನೆಕ್ಕಿಕೊಳ್ಳತೊಡಗಿತು.

"ನೋಡವ್ವಾ, ಮಾಡಿದ ತಪ್ಪು ಅದಕ್ಕೇ ಗೊತ್ತು," ಎಂದನು ಕುರುಬ.

"ಅದಕ್ಕೆ ಗೊತ್ತಿರುವುದು ನಿನ್ನ ಕೋಲು," ಎಂದಳು ತಾಯಿ. "ಓಡಿಹೋದದ್ದಕ್ಕೆ ಹೊಡೆದೆ ಅಂತ ನೀನು ತಿಳಿದಿದ್ದೀಯ, ಮಗಾ. ಕರೆದಾಗ ಬಂದದ್ದಕ್ಕೆ ಹೊಡೆದೆ ಅಂತ ಅದು ತಿಳಿದಿದೆ. ಹೀಗೆ ಕಲಿಸಿದರೆ ನೀನು ಕರೆದಾಗ ನಾನೂ ಬರುವುದಿಲ್ಲ."

ಕುರುಬನು ನಕ್ಕು ಕುರಿಗಳತ್ತ ನಡೆದನು.

ಒಂದು ದಿನ ಹಿಂಡು ಹೊಳೆ ದಾಟಬೇಕಾಗಿತ್ತು. ಮೊಣಕಾಲುದ್ದ ನೀರೂ ಇರಲಿಲ್ಲ. ಕುರಿಗಳೆಲ್ಲ ದಡ ಸೇರಿದವು. ಹಂಡ ಮಾತ್ರ ನಡುಹೊಳೆಯ ಮರಳದಿಬ್ಬದಲ್ಲಿ ಏಡಿಯ ಬಿಲ ಕೆದಕುತ್ತ ಉಳಿಯಿತು. ಅಷ್ಟರಲ್ಲಿ ಮೇಲೆಲ್ಲೋ ಸುರಿದ ಮಳೆಯ ಕೆಂಪು ನೀರು ಬಂದಿತು. ದಿಬ್ಬದ ಎರಡೂ ಬದಿಗೆ ಹೊಳೆ ಏರತೊಡಗಿತು.

ಕುರುಬನು ಕೂಗಿದನು. ಹಂಡ ತಲೆಯೆತ್ತಿ ನೋಡಿ ಹಿಂದಕ್ಕೆ ಸರಿಯಿತು. ಅವನು ಇನ್ನೂ ಗಟ್ಟಿಯಾಗಿ ಕೂಗಿದನು. ಅದು ದಿಬ್ಬದ ಆಚೆಯ ಅಂಚಿಗೆ, ಸೆಳವು ಹೆಚ್ಚಿದ್ದ ಕಡೆಗೆ, ಹೋಗಿ ನಿಂತಿತು. ಅವನು ದಡದುದ್ದಕ್ಕೂ ಅತ್ತಿತ್ತ ಓಡಿದನು, ಬೈದನು, ಬೇಡಿದನು. ಬೇಡುವಾಗಲೂ ಕೋಲು ಗಾಳಿಯಲ್ಲಿ ಆಡುತ್ತಿತ್ತು. ಕೂಗಿದಷ್ಟೂ ನಾಯಿ ದೂರವಾಗುತ್ತಿತ್ತು, ದಿಬ್ಬ ಕಿರಿದಾಗುತ್ತಿತ್ತು.

ಆಗ ಅವನಿಗೆ ತನ್ನ ಕೈ ಕಂಡಿತು. ಕೋಲನ್ನು ನೆಲಕ್ಕಿಳಿಸಿ ಕಾಲಿನಿಂದ ಹಿಂದಕ್ಕೆ ತಳ್ಳಿದನು. ಕುಕ್ಕರುಗಾಲಿನಲ್ಲಿ ಕುಳಿತನು. ನೆಟ್ಟ ನೋಟವನ್ನು ಕಿತ್ತು ಪಕ್ಕಕ್ಕೆ ತಿರುಗಿದನು. ತಬ್ಬಲಿ ಮರಿಗೆ ಹಾಲು ಕುಡಿಸುವಾಗಿನ ದನಿಯಲ್ಲಿ ಮೆಲ್ಲನೆ ಮಾತಾಡತೊಡಗಿದನು. ನೋಡಬೇಕೆಂಬ ತವಕವನ್ನು ಹಲ್ಲುಕಚ್ಚಿ ತಡೆದನು. ನೀರಿನಲ್ಲಿ ಏನೋ ಬಿದ್ದ ಸದ್ದಾಯಿತು. ಆಗಲೂ ತಿರುಗಲಿಲ್ಲ.

ಹಂಡ ಈಜಿ ದಡ ಹತ್ತಿತು. ಮೈ ಕೊಡವಿತು. ಆದರೆ ಅವನ ಬಳಿಗೆ ಬರಲಿಲ್ಲ. ಕೋಲು ಎಟುಕದಷ್ಟು ದೂರದಲ್ಲಿ ಕುಳಿತಿತು.

ಅಂದಿನಿಂದ ಕುರುಬನು ಅದರ ಮೇಲೆ ಕೋಲೆತ್ತಲಿಲ್ಲ. ಕೋಲನ್ನು ಹಿಡಿಯುವುದನ್ನೇ ಬಿಟ್ಟನು. ಕರೆದಾಗ ಬಂದರೆ ರೊಟ್ಟಿಯ ತುಣುಕು ಇಟ್ಟನು, ಒಳ್ಳೆಯ ಮಾತಾಡಿದನು. ಹೊಲಗಳು ಬದಲಾದವು, ಊರುಗಳು ಬದಲಾದವು. ನಾಯಿ ಇಟ್ಟದ್ದನ್ನು ತಿಂದು, ಬಾಲವಾಡಿಸಿ, ಮತ್ತೆ ಅಷ್ಟೇ ದೂರ ಹೋಗಿ ಕುಳಿತುಕೊಳ್ಳುತ್ತಿತ್ತು. ಕುರುಬನಿಗೆ ಅನ್ನ ಸೇರದು, ಕಣ್ಣಿಗೆ ನಿದ್ದೆ ಹತ್ತದು. ತಮ್ಮಿಬ್ಬರ ನಡುವಿನ ನೆಲವನ್ನೇ ತಿರುತಿರುಗಿ ನೋಡುತ್ತಿದ್ದನು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಕೋಲೇ ಇಲ್ಲವಾದ ಮೇಲೂ ಆ ದೂರವೇಕೆ, ಸ್ವಾಮಿ? ಇಷ್ಟು ಕಾದದ್ದು ಸಾಕೆಂದು ಕುರುಬನು ಹೇಳಬಾರದೇ?"

ಗುರುಗಳು ಹೇಳಿದರು: "ಸಾಕೆನ್ನುವ ಅಧಿಕಾರ ಹೊಡೆದವನಿಗಿಲ್ಲ."