ನೀರೆರೆಯುವ ಕೈ

"ಇನ್ನು ನಾನು ಬಿಡಬೇಕಾದದ್ದು ಏನಾದರೂ ಉಳಿದಿದೆಯೇ?" ಎಂದು ಶಿಷ್ಯ ಕೇಳಿದ.

ಅವನು ಸಂಸಾರಸ್ಥ. ಬಿಡುವಾದಾಗ ಗುರುಗಳ ಬಳಿ ಬಂದು ಕುಳಿತು ಹೋಗುತ್ತಿದ್ದ. ಆ ದಿನ ಬರುವಾಗ ಒಂದು ಬಟ್ಟೆಯ ಗಂಟು ತಂದಿದ್ದ. ಅದನ್ನು ಗುರುಗಳ ಮುಂದಿಟ್ಟು ಬಿಚ್ಚಿದ. ಒಳಗೆ ಸ್ನಾನದ ಪುಡಿ ಇತ್ತು.

"ನನ್ನ ಮನೆಯಲ್ಲಿ ಈಗ ಅಂಗಡಿಯ ಸಾಬೂನು ಒಂದು ಚೂರೂ ಇಲ್ಲ," ಎಂದ. "ತಲೆಗೆ ಸೀಗೆ. ಮೈಗೆ ಈ ಪುಡಿ. ಹಲ್ಲಿಗೆ ಉಪ್ಪು, ಇದ್ದಿಲು. ಪಾತ್ರೆಗೆ ಬೂದಿ. ಬಟ್ಟೆಗೆ ಅಂಟುವಾಳ. ನೆಲ ಒರೆಸುವ ನೀರಿಗೆ ನಿಂಬೆಸಿಪ್ಪೆ ಕೊಳೆಸಿದ ರಸ. ನಮ್ಮ ಬಚ್ಚಲ ನೀರು ಹರಿಯುವಲ್ಲಿ ಬಾಳೆ ಗೊನೆ ಬಿಟ್ಟಿದೆ. ಹೆಂಡತಿಗೆ ಮೊದಮೊದಲು ಕಷ್ಟವೆನಿಸಿತು. ಈಗ ಅವಳಿಗೂ ಅಭ್ಯಾಸವಾಗಿದೆ. ಮೈ ಶುದ್ಧ, ಮನೆ ಶುದ್ಧ. ಇನ್ನೇನು ಉಳಿಯಿತು, ಹೇಳಿ."

ಗುರುಗಳು ಒಂದು ಚಿಟಿಕೆ ಪುಡಿ ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು.

"ತುಂಬ ನಯವಾಗಿದೆ."

"ಒರಟಾಗಿದ್ದರೆ ನಾನು ಒಪ್ಪುವುದಿಲ್ಲ. ಮತ್ತೆ ಕುಟ್ಟಿಸುತ್ತೇನೆ," ಎಂದ ಶಿಷ್ಯ.

ಗುರುಗಳು ಬೆರಳು ಒರೆಸಿಕೊಂಡರು. ಅವನಿಗೆ ಕುಳಿತುಕೊಳ್ಳಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಿರಾಣಿ ವರ್ತಕನಿದ್ದ. ಅವನ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿದ್ದುದು ಸಾಬೂನು. ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಎಳೆಯ ಚರ್ಮ ತನಗೆ ತಗುಲಿದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ ಎಂದು ಯಾರೋ ವರ್ತಕನ ಹೆಂಡತಿಗೆ ಹೇಳಿದರು. ಅವಳು ಯೋಚಿಸಿದಳು. ಹುಟ್ಟುವ ಕೂಸು ಮಲಗುವುದು ತೊಳೆದ ಬಟ್ಟೆಯ ಮೇಲೆ. ಕುಡಿಯುವುದು ತೊಳೆದ ಬಟ್ಟಲಿನಲ್ಲಿ. ತೆವಳುವುದು ಒರೆಸಿದ ನೆಲದ ಮೇಲೆ. ಹಾಗಾದರೆ ಆ ಮನೆಯಲ್ಲಿ ಬಣ್ಣದ, ಘಾಟಿನ, ನೊರೆಯ ಯಾವ ಪದಾರ್ಥವೂ ಇರಕೂಡದು ಎಂದು ತೀರ್ಮಾನಿಸಿದಳು. ಆ ಯೋಚನೆಯಲ್ಲಿ ತಪ್ಪಿರಲಿಲ್ಲ.

ಅವಳು ಹಿಡಿದ ಕೆಲಸ ಬಿಡುವವಳಲ್ಲ. ಮನೆಯಲ್ಲಿದ್ದ ಸಾಬೂನು, ಪುಡಿ, ಡಬ್ಬಿ, ಸೀಸೆ ಎಲ್ಲವನ್ನೂ ಒಂದು ಬುಟ್ಟಿಗೆ ತುಂಬಿ ಗಂಡನ ಅಂಗಡಿಗೆ ಕಳಿಸಿದಳು.

ಊಟಕ್ಕೆ ಬಂದ ವರ್ತಕ ಬಾಗಿಲಲ್ಲೇ ನಿಂತ. "ಊರಿನವರ ಕೊಳೆಯೆಲ್ಲ ನನ್ನ ಸಾಬೂನಿನಿಂದ ಹೋಗುತ್ತದೆ. ನನ್ನ ಮನೆಗೆ ಮಾತ್ರ ನಾನೇ ಕೊಳೆಯಾದೆ," ಎಂದ.

"ಗೊತ್ತಾಯಿತಲ್ಲ? ಕೈಕಾಲು ತೊಳೆದು ಒಳಗೆ ಬನ್ನಿ," ಎಂದಳು ಹೆಂಡತಿ.

ಅವಳ ಮನೆಗೆಲಸ ಮಾಡುತ್ತಿದ್ದವಳು ಕೆಂಚವ್ವ. ಪಾತ್ರೆ, ಬಟ್ಟೆ, ಕಸ, ಮೂರೂ ಅವಳವೇ. ಅದು ಹೊಟ್ಟೆಪಾಡು. ಅವಳಿಗೆ ಹೆಸರು ಬಂದದ್ದು ಬೇರೆ ಕೆಲಸದಿಂದ. ಊರಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ನೀರೆರೆಯಲು ಕೆಂಚವ್ವನನ್ನು ಕರೆಯುತ್ತಿದ್ದರು. ಅವಳು ಬಚ್ಚಲಲ್ಲಿ ಮಣೆ ಹಾಕಿ, ಕಾಲು ನೀಡಿ ಕೂತು, ಕೂಸನ್ನು ಮೊಣಕಾಲಿನ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಹಿಟ್ಟು ಹಚ್ಚಿ ನೀರೆರೆದರೆ ಕೂಸು ಅಲ್ಲೇ ನಿದ್ದೆ ಹೋಗುತ್ತಿತ್ತು. ಬಾಣಂತಿಯರು ಅವಳ ಕೈಯನ್ನು ಬೆಣ್ಣೆ ಎನ್ನುತ್ತಿದ್ದರು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ತೊಟ್ಟಿಲ ಶಾಸ್ತ್ರದ ದಿನ ಕೂಸನ್ನು ಮೊದಲು ತೊಟ್ಟಿಲಿಗೆ ಇಳಿಸುವವಳು ತಾಯಿಯೂ ಅಲ್ಲ, ಅಜ್ಜಿಯೂ ಅಲ್ಲ. ಆ ಕೂಸಿಗೆ ನೀರೆರೆದವಳು. ಅಷ್ಟು ಹೊತ್ತು ದೊಡ್ಡ ಮನೆಗಳ ಹೆಂಗಸರೆಲ್ಲ ಎದ್ದು ನಿಂತು ಅವಳಿಗೆ ದಾರಿ ಬಿಡಬೇಕು. ವರ್ಷವಿಡೀ ಹಿತ್ತಿಲ ಬಾಗಿಲಿನಿಂದ ಬರುವ ಕೆಂಚವ್ವ ಆ ದಿನ ಮುಂಬಾಗಿಲಿನಿಂದ ಬರುತ್ತಿದ್ದಳು. ವರ್ತಕನ ಮಗಳನ್ನು ತೊಟ್ಟಿಲಿಗೆ ಇಳಿಸಿದವಳು ಅವಳೇ. ಆ ಮಗಳ ಕೂಸನ್ನೂ ತಾನೇ ಇಳಿಸಬೇಕೆಂದು ಕಾದಿದ್ದಳು.

ಹೊಸ ನಿಯಮ ಬಂದ ಮೇಲೆ ಕೆಂಚವ್ವನ ಕೆಲಸ ಹೆಚ್ಚಿತು. ಸೀಗೆಕಾಯಿ ಕುಟ್ಟಬೇಕು. ಅಂಟುವಾಳದ ಬೀಜ ಬಿಡಿಸಿ, ನೆನೆಸಿ, ಕಿವುಚಿ, ಸೋಸಬೇಕು. ಹೆಸರುಕಾಳು ಹುರಿದು ಕುಟ್ಟಬೇಕು. ಹಿತ್ತಾಳೆಗೆ ಹುಣಸೆ, ಉಳಿದ ಪಾತ್ರೆಗೆ ಬೂದಿ, ತೆಂಗಿನ ನಾರು. ದಪ್ಪ ಬಟ್ಟೆಗೆ ಅಂಟುವಾಳ ಸಾಲದೆಂದು ಕೆರೆಯಾಚೆಯಿಂದ ಕ್ಷಾರದ ಚೌಳುಮಣ್ಣು ತರಿಸಿದರು. ಅದನ್ನು ನೀರಿನಲ್ಲಿ ಕದಡಿ, ಬಟ್ಟೆ ಅದ್ದಿ ತಿಕ್ಕಬೇಕು. ಬಚ್ಚಲಿಗೆ ಸುಣ್ಣದ ತಿಳಿ.

ಕೆಂಚವ್ವ ಮೊದಮೊದಲು ನಗುನಗುತ್ತಲೇ ಮಾಡಿದಳು. ಸೀಗೆ ಕುಟ್ಟುವಾಗ ಸೀನು ಬರುತ್ತಿತ್ತು. "ಅಮ್ಮಾ, ಮೊಮ್ಮಗು ಹುಟ್ಟುವುದರೊಳಗೆ ಈ ಒರಳಲ್ಲಿ ನನ್ನನ್ನೂ ಕುಟ್ಟಿ ಜರಡಿ ಹಿಡಿಯುತ್ತೀರಿ," ಎನ್ನುತ್ತಿದ್ದಳು. ಕೂಸಿಗೋಸ್ಕರ ಎಂಬ ಮಾತು ಅವಳಿಗೂ ಒಪ್ಪಿಗೆಯಾಗಿತ್ತು.

ಆಮೇಲೆ ಅವಳ ಕೈ ಉರಿಯತೊಡಗಿತು. ಒಂದು ಬೆಳಿಗ್ಗೆ ಒಡತಿಯ ಮುಂದೆ ನಿಂತಳು.

"ಅಮ್ಮಾ, ಪಾತ್ರೆಗಾದರೂ ಮೊದಲಿನ ಪುಡಿ ಇರಲಿ. ಕೈ ಉರಿಯುತ್ತದೆ."

"ಬೂದಿಗೆ ಕೈ ಉರಿಯುವುದುಂಟೇನೇ? ನಮ್ಮ ಅಜ್ಜಿ ಕಾಲದಿಂದ ಪಾತ್ರೆ ತೊಳೆದದ್ದು ಬೂದಿಯಲ್ಲೇ."

"ನಿಮ್ಮ ಅಜ್ಜಿಯ ಪಾತ್ರೆ ತೊಳೆದವಳು ನಮ್ಮ ಅಜ್ಜಿ, ಅಮ್ಮಾ."

ಒಡತಿ ನಕ್ಕುಬಿಟ್ಟಳು. "ಮತ್ತಿನ್ನೇನು? ನಿನಗೆ ರಕ್ತದಲ್ಲೇ ಅಭ್ಯಾಸ ಇರಬೇಕು. ಹೋಗು, ಹರಳೆಣ್ಣೆ ಹಚ್ಚಿಕೋ."

ಕೆಂಚವ್ವ ಹರಳೆಣ್ಣೆ ಹಚ್ಚಿಕೊಂಡಳು. ಮಾರನೆಯ ದಿನ ಚೌಳುಮಣ್ಣು ಅದನ್ನು ತೊಳೆದುಕೊಂಡು ಹೋಯಿತು.

ಕೂಸು ಹುಟ್ಟಿತು. ಹೆಣ್ಣು. ಕೆಂಚವ್ವ ಮಣೆ ಹಾಕಿ ಕೂತಳು. ಒಡತಿ ಬಾಗಿಲಲ್ಲಿ ನಿಂತು ನೋಡಿದಳು. ಆ ಬಚ್ಚಲಲ್ಲಿ ಮರದಿಂದ, ಗಿಡದಿಂದ, ಮಣ್ಣಿನಿಂದ ಬಾರದ ಒಂದು ವಸ್ತುವೂ ಇರಲಿಲ್ಲ. ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕಿದಾಗ ಅದು ಅತ್ತಿತು. ನೀರು ಹಾಕಿ ಒರೆಸಿ ನೋಡಿದರೆ ಬೆನ್ನಿನ ಮೇಲೆ ಸಣ್ಣ ಸಣ್ಣ ಕೆಂಪು ಗೆರೆಗಳು.

"ಹಿಟ್ಟು ತರಿಯಾಗಿದೆ," ಎಂದಳು ಒಡತಿ. "ಇನ್ನೂ ನಯವಾಗಿ ಕುಟ್ಟು. ತೆಳು ಬಟ್ಟೆಯಲ್ಲಿ ಸೋಸು."

ಕೆಂಚವ್ವ ಕುಟ್ಟಿದಳು, ಸೋಸಿದಳು. ಗೆರೆ ಹೋಗಲಿಲ್ಲ. ಒಡತಿ ಎಣ್ಣೆಯ ಮೇಲೆ ಅನುಮಾನಪಟ್ಟಳು. ಗಾಣದ ಎಣ್ಣೆ ಬೇಡವೆಂದು ಮನೆಯಲ್ಲೇ ತೆಂಗಿನಕಾಯಿ ತುರಿದು, ಹಾಲು ಹಿಂಡಿ, ಕಾಯಿಸಿ ಎಣ್ಣೆ ತೆಗೆಸಿದಳು. ತುರಿದವಳು ಕೆಂಚವ್ವ. ಗೆರೆ ಹೆಚ್ಚಿತು. ಕೂಸು ಮಲಗುವ ಬಟ್ಟೆಯ ಮೇಲೆ ಅನುಮಾನ ಬಂತು. ಮತ್ತೆ ಮತ್ತೆ ಜಾಲಿಸಲು ಹೇಳಿದಳು. ಜಾಲಿಸಿದವಳೂ ಕೆಂಚವ್ವ. ಮನೆಯಲ್ಲಿ ಅನುಮಾನಪಡದೆ ಬಿಟ್ಟ ವಸ್ತು ಒಂದೂ ಉಳಿಯಲಿಲ್ಲ.

ಕೆಂಚವ್ವನಿಗೆ ಮೊದಲ ದಿನವೇ ಗೊತ್ತಾಗಿತ್ತು. ತನ್ನ ಅಂಗೈ ತಗುಲಿದಾಗ ಕೂಸಿನ ಬೆನ್ನು ಮುದುರಿಕೊಂಡದ್ದು ಅವಳ ಮೊಣಕಾಲಿಗೆ ತಿಳಿದಿತ್ತು. ಆದರೆ ತೊಟ್ಟಿಲ ದಿನ ಹತ್ತಿರ ಬಂದಿತ್ತು. ಅವಳು ಹೇಳಲಿಲ್ಲ. ಅಂಗೈ ಬಿಟ್ಟು ಮುಂಗೈಯಲ್ಲಿ ಎಣ್ಣೆ ತಿಕ್ಕಿದಳು. ಇನ್ನೊಂದು ದಿನ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ತಿಕ್ಕಿದಳು.

ಬಾಣಂತಿ ಅದನ್ನು ಕಂಡಳು.

"ಸೆರಗು ಯಾಕೆ ಕೆಂಚವ್ವ?" ಎಂದಳು.

"ಥಂಡಿ ಕಣವ್ವ."

ಬಾಣಂತಿ ಸೆರಗು ಬಿಡಿಸಿ ಅವಳ ಕೈ ಹಿಡಿದುಕೊಂಡಳು. ಅಂಗೈ ಬತ್ತಿದ ಕೆರೆಯ ತಳದಂತೆ ಸೀಳಿತ್ತು. ಸೀಳಿನ ಅಂಚು ಗಟ್ಟಿಯಾಗಿ ಮೇಲೆದ್ದಿತ್ತು. ಬೆರಳಿನ ಗಂಟುಗಳಲ್ಲಿ ರಕ್ತ ಒಣಗಿತ್ತು.

"ಅಮ್ಮಾ, ಬಾ ಇಲ್ಲಿ," ಎಂದು ಅವಳು ತಾಯಿಯನ್ನು ಕರೆದಳು. "ತಪ್ಪು ಹಿಟ್ಟಿನದಲ್ಲ."

ಒಡತಿ ಬಂದು ನೋಡಿದಳು. "ಅಯ್ಯೋ ನಿನ್ನ! ಇಂಥ ಕೈಯಲ್ಲಿ ಕೂಸನ್ನು ಮುಟ್ಟಿದೆಯಾ?" ಎಂದಳು.

"ನಿಮಗೆ ಅವತ್ತೇ ಹೇಳಿದೆನಲ್ಲಮ್ಮಾ, ಉರಿಯುತ್ತದೆ ಅಂತ."

"ನಿನಗೆ ಉರಿಯುತ್ತದೆ ಅಂದೆ. ಕೂಸಿಗೆ ತರಚುತ್ತದೆ ಅಂದೆಯಾ?"

ಕೆಂಚವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮಗಳು ನಡುವೆ ಬಂದಳು. "ಇವಳು ಕುಟ್ಟುವುದು, ತಿಕ್ಕುವುದು ಸ್ವಲ್ಪ ದಿನ ನಿಲ್ಲಿಸಿದರೆ ಕೈ ವಾಸಿಯಾಗುತ್ತದೆ ಅಮ್ಮಾ. ಆಮೇಲೆ ಇವಳೇ ಎರೆಯಲಿ."

"ನಿಲ್ಲಿಸಿದರೆ ಆ ಕೆಲಸವೆಲ್ಲ ಯಾರು ಮಾಡುತ್ತಾರೆ?" ಎಂದಳು ತಾಯಿ. "ನಾನಾ?"

ಒಡತಿಯೇ ಮುಂದುವರಿಸಿದಳು. "ನೋಡು ಕೆಂಚವ್ವ, ನಿನ್ನ ಮೇಲೆ ನನಗೆ ಕೋಪವಿಲ್ಲ. ನಾಳೆಯಿಂದ ಎರೆಯುವುದಕ್ಕೆ ಬೇರೆಯವಳನ್ನು ಕರೆಸುತ್ತೇನೆ. ನೀನು ಕುಟ್ಟುವ ಕೆಲಸ ನೋಡಿಕೋ. ಕೂಸಿಗೆ ಅದೂ ಬೇಕಲ್ಲ."

ಹೊಸಬಳು ಬಂದಳು. ಅವಳಿಗೆ ಎರೆಯುವ ಹದ ಅಷ್ಟು ಗೊತ್ತಿರಲಿಲ್ಲ, ಆದರೆ ಕೈ ನಯವಾಗಿತ್ತು. ಗೆರೆಗಳು ಮಾಯವಾದವು. ಒಡತಿಗೆ ಸಮಾಧಾನವಾಯಿತು.

ತೊಟ್ಟಿಲ ದಿನ ಮನೆ ತುಂಬ ಹೆಂಗಸರು ಸೇರಿದರು. ಹೊಸಬಳು ಮುಂಬಾಗಿಲಿನಿಂದ ಬಂದು ಕೂಸನ್ನು ತೊಟ್ಟಿಲಿಗೆ ಇಳಿಸಿದಳು. ಎಲ್ಲರೂ ಎದ್ದು ದಾರಿ ಬಿಟ್ಟರು. ಒಬ್ಬ ಹೆಂಗಸು ಕೇಳಿದಳು, "ಕೆಂಚವ್ವ ಎಲ್ಲಿ? ಅವಳಲ್ಲವೇ ಎರೆಯುತ್ತಿದ್ದುದು?"

"ಅವಳ ಕೈ ಒರಟಾಗಿಬಿಟ್ಟಿದೆ," ಎಂದಳು ಒಡತಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹೋಗುವಾಗ ಪ್ರತಿಯೊಬ್ಬರಿಗೂ ಅರಿಶಿನ ಕುಂಕುಮದ ಜೊತೆಗೆ ಮನೆಯಲ್ಲೇ ಮಾಡಿದ ಸ್ನಾನದ ಪುಡಿಯ ಒಂದೊಂದು ಪೊಟ್ಟಣ ಕೊಟ್ಟರು. ಹೆಂಗಸರು ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. ಎಷ್ಟು ನಯವಾಗಿದೆ, ಅಂಗಡಿಯಲ್ಲಿ ಇಂಥದ್ದು ಸಿಗುವುದುಂಟೇ ಎಂದು ಹೊಗಳಿದರು. ಹಿತ್ತಿಲಿನಿಂದ ಒನಕೆಯ ಸದ್ದು ಕೇಳುತ್ತಿತ್ತು. ಪೊಟ್ಟಣ ಸಾಲದೆ ಹೋದೀತೆಂದು ಇನ್ನಷ್ಟು ಕುಟ್ಟಲು ಹೇಳಿದ್ದರು.

ಆ ಮೇಲೆ ಆ ಊರಿನಲ್ಲಿ ಕೂಸುಗಳು ಹುಟ್ಟುತ್ತಲೇ ಇದ್ದವು. ನೀರೆರೆಯಲು ಕೆಂಚವ್ವನನ್ನು ಯಾರೂ ಕರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಿಟ್ಟು ಬಂದಿತ್ತು. "ಎಂಥ ಕುರುಡು ಹೆಂಗಸು!" ಎಂದ. "ಹಿಟ್ಟು ನೋಡಿದಳು, ಎಣ್ಣೆ ನೋಡಿದಳು, ಬಟ್ಟೆ ನೋಡಿದಳು. ದಿನವೂ ಕಣ್ಣೆದುರಿಗೆ ಇದ್ದ ಕೈ ನೋಡಲಿಲ್ಲ. ಆ ಬಡವಿಯ ಹೆಸರು ಕಳೆದಳು. ಸಾಬೂನು ಬಿಟ್ಟು ಸೀಗೆ, ಬೂದಿ ಹಿಡಿದರೆ ಸಾಕೇ? ತಾನು ಕೂತು ಇನ್ನೊಬ್ಬರಿಂದ ಮಾಡಿಸಿದ್ದು ಯಾವ ಶುದ್ಧಿ?"

"ಅವಳಿಗೂ ಇದನ್ನು ಯಾರಾದರೂ ಹೇಳಬೇಕಿತ್ತು," ಎಂದರು ಗುರುಗಳು.

"ನಾನಾಗಿದ್ದರೆ ಮುಖಕ್ಕೇ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಆ ಮಾತೇ ಇಲ್ಲ. ನಾವು ಕೆಲಸದವರನ್ನು ಇಟ್ಟುಕೊಂಡಿಲ್ಲ. ಕುಟ್ಟುವುದು, ತಿಕ್ಕುವುದು, ತೊಳೆಯುವುದು, ಎಲ್ಲವೂ ನಮ್ಮ ಕೈಯಿಂದಲೇ ಆಗುತ್ತದೆ."

ಗುರುಗಳು ಪುಡಿಯ ಗಂಟನ್ನು ಕಟ್ಟಿ ಅವನ ಕಡೆಗೆ ಸರಿಸಿದರು.

"ಹಾಗಾದರೆ ನಿನ್ನ ಕೈ ತೋರಿಸು."

ಶಿಷ್ಯ ತನ್ನ ನಯವಾದ ಅಂಗೈ ಮುಚ್ಚಿಕೊಂಡ, ಕೈ ಚಾಚಲಿಲ್ಲ.