ಹೊಟ್ಟೆಯಲ್ಲಿ ನೀರು ನಿಂತದ್ದು ಹೇಗೆ

ಲೋಕ ಹೊಸದಾಗಿದ್ದಾಗ ಹೆಣ್ಣಿನ ಮೈಯೂ ಹೊಸದು, ತುಂಗಾ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕಣಗಳು ಲಕ್ಷಗಟ್ಟಲೆ. ಒಂದೊಂದೂ ಪಕ್ಕದ ಕಣದ ಕೈ ಹಿಡಿದು ಕೂತಿತ್ತು. ಹಾಗೆ ಹಿಡಿದಿದ್ದರಿಂದಲೇ ಅದು ಮೈ.

ಅಂಡಾಶಯದ ಮೇಲೆ ಒಂದು ಕಣವಿತ್ತು. ಪ್ರತಿ ತಿಂಗಳು ಅಂಡ ಹೊರಗೆ ಬರುವಾಗ ಅಲ್ಲಿ ಗೋಡೆ ಹರಿಯುತ್ತಿತ್ತು, ಪ್ರತಿ ತಿಂಗಳು ಕಣ ಅದನ್ನು ಹೊಲಿಯುತ್ತಿತ್ತು. ಒಂದು ಸಲ ಹೊಲಿಗೆ ತಪ್ಪಿತು. ಆಮೇಲೆ ಅದಕ್ಕೆ ಒಂದು ಎರಡಾಗುವುದು ಬಿಟ್ಟು ಬೇರೇನೂ ನೆನಪಿರಲಿಲ್ಲ. ಅದರ ಮರಿಗಳು ಪಕ್ಕದವರ ಕೈ ಬಿಟ್ಟವು.

“ಎಲ್ಲಿಗೆ ಹೊರಟಿರಿ?” ಎಂದು ಪಕ್ಕದ ಕಣ ಕೇಳಿತು.

“ಇಲ್ಲಿ ಜಾಗ ಸಾಲದು.”

ಕರುಳು ಒಂದಕ್ಕೊಂದು ಉಜ್ಜದಿರಲಿ ಎಂದು ಹೊಟ್ಟೆಯೊಳಗೆ ಚೂರು ನೀರಿರುತ್ತದೆ. ಮರಿಗಳು ಅದಕ್ಕೆ ಬಿದ್ದವು. ಒಂಟಿಯಾಗಿ ಬಿದ್ದಂಥವು ಸತ್ತವು. ಉಂಡೆ ಕಟ್ಟಿಕೊಂಡಂಥವು ಬದುಕಿದವು.

“ನಮ್ಮನ್ನು ಒಯ್ಯುತ್ತೀಯಾ?”

“ಯಾರು ಎತ್ತ ಅಂತ ನಾನು ಕೇಳುವುದಿಲ್ಲ,” ಎಂದಿತು ನೀರು. ಹೆಣ್ಣು ಉಸಿರೆಳೆದಾಗಲೆಲ್ಲ ಅದು ಮೇಲಕ್ಕೆ ಹರಿಯಿತು, ಉಂಡೆಗಳೂ ಹೋದವು.

ಕರುಳಿನ ಮುಂದೆ ಕೊಬ್ಬಿನದೊಂದು ಸೆರಗು ಇಳಿಬಿದ್ದಿದೆ. ಉಂಡೆಗಳು ಅದರ ಅಂಚಿಗೆ ಬಡಿದವು. ಅಲ್ಲಿ ಅವಕ್ಕೆ ಬೇರೆ ಥರದ ಕೈ ಮೊಳೆತವು, ಅಂಟಿದರೆ ಬಿಡದ ಕೈ.

“ಹಸಿದಿದ್ದೀರಿ, ತಿನ್ನಿ,” ಎಂದಿತು ಸೆರಗು. ತನ್ನ ಕೊಬ್ಬನ್ನೇ ಬಡಿಸಿತು.

ಅವು ಕೆಟ್ಟವೆಂದು ಸೆರಗಿಗೆ ಗೊತ್ತಾಗಲಿಲ್ಲವಾ ಅಂತ ಕೇಳುತ್ತೀಯ. ಹೇಗೆ ಗೊತ್ತಾಗಬೇಕು ಮಗಾ? ಹೊರಗಿನವರಲ್ಲ, ಅದೇ ಮೈಯ ಮಕ್ಕಳು.

ತಿಂದು ಬೆಳೆದವು. ಸೆರಗು ಮುದ್ದೆಯಾಯಿತು. ಅಲ್ಲಿಂದ ಕರುಳಿನ ಮೇಲೆ, ಪಿತ್ತಕೋಶದ ಮೇಲೆ ಹರಡಿದವು. ನೀರು ಇಂಗಿಹೋಗುವ ಸಣ್ಣ ಸಣ್ಣ ದಾರಿಗಳಲ್ಲೂ ಕೂತವು.

“ದಾರಿ ಬಿಡಿ,” ಎಂದಿತು ನೀರು.

ಯಾವುದೂ ಅಲುಗಲಿಲ್ಲ. ಹೊಸ ನೀರು ಒಸರುತ್ತಲೇ ಇತ್ತು, ಹಳೆಯದು ಹೋಗಲಿಲ್ಲ. ಇಷ್ಟಾದರೂ ಆ ಹೆಣ್ಣಿಗೆ ನೋವೇ ಇರಲಿಲ್ಲ. ಊಟ ಸೇರುತ್ತಿರಲಿಲ್ಲ, ಅಷ್ಟೆ.

ನಿನ್ನಮ್ಮ ದೀಪಾವಳಿಯಲ್ಲೇ ನನಗೆ ಹೇಳಿದಳು, “ಅತ್ತೆ, ಎರಡು ತುತ್ತಿಗೇ ಹೊಟ್ಟೆ ತುಂಬಿಬಿಡುತ್ತೆ.” “ಗ್ಯಾಸು ಕಣೇ, ಜೀರಿಗೆ ನೀರು ಕುಡಿ,” ಅಂದೆ. ನನ್ನ ಮಾತು ನಂಬಿ ಐದು ತಿಂಗಳು ಕುಡಿದಳು.

ಅದಕ್ಕೇ ತುಂಗಾ, ಇವತ್ತು ನಿನ್ನಮ್ಮನ ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ತುಂಬು ಬಸುರಿಯ ಹಾಗಿರುವುದು, ವಾರ್ಡಿಗೆ ಬಂದವರು “ಎಷ್ಟು ತಿಂಗಳಮ್ಮ?” ಎಂದು ಕೇಳಿದಾಗ ಅವಳು ಗೋಡೆ ಕಡೆ ತಿರುಗಿ ಮಲಗುವುದು.