ಗಾಂಜಾಕ್ಕೆ ತಕ್ಕ ಜಾಗ

ರುದ್ರಗೌಡನ ತಲೆಗೆ ಗಾಂಜಾ ಬೆಳೆಯುವ ಹುಚ್ಚು ಹತ್ತಿತು. ಬೀಜದ ಗಂಟು ಹಿಡಿದು ಅಂಗಳದಲ್ಲಿ ನಿಂತು, ಆಳುಮಗ ಫಕೀರಪ್ಪನನ್ನು ಕರೆದ.

“ದಿನಪೂರ್ತಿ ಬಿಸಿಲು ಬೀಳಬೇಕು, ಮಗ್ಗಲದಾಗ ನೀರಿರಬೇಕು, ಒಂದು ನರಪಿಳ್ಳೆ ಸುಳೀಬಾರ್ದು. ಅಂಥಾ ಜಾಗ ಈಗಿಂದೀಗ ತೋರಸು. ಇಲ್ಲಂದ್ರ ನಿನ್ನ ಗೋವಿನಜೋಳದ ನಡುವ ಬಿತ್ತತೀನಿ. ಪೊಲೀಸರು ಬಂದ್ರ ನೀನ ಒಳಗ ಹೋಗು!”

ಫಕೀರಪ್ಪನಿಗೆ ಇದ್ದದ್ದೇ ಅರ್ಧ ಎಕರೆ. ಈಗ ಜೈಲು ಬೇರೆ! ತಲೆ ಕೆರೆದುಕೊಂಡ. ಕಟ್ಟೆಯ ಮೇಲೆ ಗೌಡನ ಅವ್ವ ಸಂಗವ್ವ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತದ್ದು ಕಣ್ಣಿಗೆ ಬಿತ್ತು. ಅವಳಿಗೂ ಕೇಳುವಂತೆ ದನಿ ಏರಿಸಿದ.

“ಒಂದ ಒಂದು ಜಾಗ ಐತ್ರಿ ಗೌಡ್ರ, ನಿಮ್ಮ ಅಪ್ಪಾರ ಸಮಾಧಿ! ಬಿಸಿಲು ಬೇಕಾದಷ್ಟು, ಬಾವಿ ಪಕ್ಕದಾಗ. ಮನುಷ್ಯಾರು ಅತ್ತ ಹೋಗಿ ಮೂರು ವರ್ಷಾತು. ಹುಲ್ಲು ನನ್ನ ಎದಿಮಟ ಬೆಳದೈತಿ.”

ಅಕ್ಕಿ ಆರಿಸುವ ಕೈ ನಿಂತಿತು.

“ಮೂರು ವರ್ಷ? ಹಂಗಾದ್ರ ಪ್ರತಿ ಅಮಾಸಿಗೆ ಸಮಾಧಿಗೆ ಒಡಸ್ತೀನಿ ಅಂತ ನನ್ನ ಕಡಿಂದ ಕಾಯಿ ಒಯ್ತಿದ್ದೆಲ್ಲ, ಅವೆಲ್ಲಾ ಎಲ್ಲಿ ಹೋದುವೋ?”

ಗೌಡ ಬೀಜದ ಗಂಟನ್ನು ಬೆನ್ನ ಹಿಂದೆ ಸರಿಸಿದ.

“ಗೌಡ್ರ ಜೋಡಿ ಇಸ್ಪೀಟ್ ಆಡೋ ಮಂದಿ ಚಟ್ನಿ ಮಾಡಿ ತಿಂದಾರ್ರೀ ಅವ್ವಾರ,” ಎಂದ ಫಕೀರಪ್ಪ, ಬಹಳ ವಿನಯದಿಂದ.

ಬೀಜದ ಗಂಟು ನೆಟ್ಟಗೆ ನೀರೊಲೆ ಸೇರಿತು. ಗೌಡನ ಕೈಗೆ ಅವ್ವನೇ ಕುಡಗೋಲು ಕೊಟ್ಟಳು.

ಮಟಮಟ ಮಧ್ಯಾಹ್ನ ಗೌಡ ಬೆವರು ಸುರಿಸುತ್ತ ಅಪ್ಪನ ಸಮಾಧಿಯ ಸುತ್ತ ಹುಲ್ಲು ಕೊಯ್ಯುತ್ತಿದ್ದ. ಫಕೀರಪ್ಪ ತನ್ನ ಗೋವಿನಜೋಳದ ಹೊಲದ ಬದುವಿನಿಂದಲೇ ಕೂಗಿದ:

“ಹೆಂಗೈತ್ರಿ ಗೌಡ್ರ ಜಾಗ? ನಾ ಹೇಳಿದಷ್ಟು ಬಿಸಿಲು ಬೀಳಾಕತ್ತೈತೋ ಇಲ್ಲೋ?”